ಕೆನಡಾ ಪೌರತ್ವಕ್ಕೆ ಅರ್ಜಿ: 1,095 ದಿನಗಳ ಲೆಕ್ಕದಿಂದ ಒಸಿಐ ಕಾರ್ಡ್‌ವರೆಗೆ

"ಪಿಆರ್ ಬಂದು ಮೂರು ವರ್ಷ ಆಯ್ತು, ಇನ್ನು ಸಿಟಿಜನ್‌ಶಿಪ್‌ಗೆ ಹಾಕಬಹುದಲ್ವಾ?" ಕೆನಡಾದಲ್ಲಿ ನೆಲೆಸಿದ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಪಿಆರ್, ಅಂದರೆ ಕಾಯಂ ನಿವಾಸದ ಹಕ್ಕು, ಬಂದು ಎಷ್ಟು ವರ್ಷವಾಯಿತು ಎಂಬುದನ್ನು ಕಾನೂನು ಕೇಳುವುದೇ ಇಲ್ಲ. ಅರ್ಜಿಗೆ ಸಹಿ ಹಾಕುವ ದಿನದಿಂದ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 1,095 ದಿನ ನೀವು ಕೆನಡಾದ ನೆಲದ ಮೇಲೆ ಇದ್ದಿರಾ ಎಂದಷ್ಟೇ ಕೇಳುತ್ತದೆ. ಉಳಿದ ಷರತ್ತುಗಳೆಲ್ಲ ಬಹುಪಾಲು ಜನರಿಗೆ ಸಲೀಸು. ಅರ್ಜಿ ಎಡವುವುದು ಈ ದಿನಗಳ ಲೆಕ್ಕದಲ್ಲಿ. ಆದ್ದರಿಂದ ಈ ಲೇಖನದಲ್ಲೂ ಅದಕ್ಕೇ ಹೆಚ್ಚು ಜಾಗ.

ದಿನಗಳನ್ನು ಎಣಿಸುವ ಬಗೆ

ಪಿಆರ್ ಆದ ಮೇಲೆ ಕೆನಡಾದಲ್ಲಿ ಕಳೆದ ಪ್ರತಿ ದಿನಕ್ಕೆ ಒಂದು ದಿನ ಪೂರ್ತಿ ಸಿಗುತ್ತದೆ. ಪಿಆರ್‌ಗೆ ಮುಂಚೆ ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್ ಅಥವಾ ವಿಸಿಟರ್ ಆಗಿ ಕಾನೂನುಬದ್ಧವಾಗಿ ಇದ್ದ ಪ್ರತಿ ದಿನಕ್ಕೆ ಅರ್ಧ ದಿನ. ಈ ಅರ್ಧ ದಿನಗಳೆಲ್ಲ ಸೇರಿ ಸಿಗುವುದು ಹೆಚ್ಚೆಂದರೆ 365. ಅಂದರೆ ಪಿಆರ್‌ಗೆ ಮುಂಚೆ 730 ದಿನ ಇದ್ದವರಿಗೆ 365 ಪೂರ್ತಿ ಸಿಕ್ಕಿತು. ನಾಲ್ಕು ವರ್ಷ ಇದ್ದವರಿಗೂ ಅಷ್ಟೇ. ಜೈಲಿನಲ್ಲಿ ಅಥವಾ ಪ್ರೊಬೇಷನ್, ಪೆರೋಲ್ ಮೇಲೆ ಕಳೆದ ದಿನಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಉದಾಹರಣೆ. ಆರು ವರ್ಷದ ಹಿಂದೆ ವಿದ್ಯಾರ್ಥಿಯಾಗಿ ಬಂದವರೊಬ್ಬರಿಗೆ ಪಿಆರ್ ಸಿಕ್ಕ ಮೇಲೆ ಊರಿನ ಪ್ರಯಾಣಗಳನ್ನು ಕಳೆದು 610 ದಿನ ಆಗಿದೆ ಎಂದುಕೊಳ್ಳಿ. ಮುಂಚಿನ ಅವಧಿಯಿಂದ 365 ಬರುತ್ತದೆ. ಒಟ್ಟು 975. ಇನ್ನು 120 ದಿನ ಕೆನಡಾದಲ್ಲೇ ಇದ್ದರೆ 1,095 ತುಂಬುತ್ತದೆ. ಅದೇ ನೇರವಾಗಿ ಪಿಆರ್ ಮೇಲೆಯೇ ಬಂದಿಳಿದವರಿಗೆ ಅರ್ಧ ದಿನದ ಅನುಕೂಲವಿಲ್ಲ, 1,095ನ್ನೂ ಪಿಆರ್ ಆಗಿಯೇ ಕಳೆಯಬೇಕು.

ಇಲ್ಲಿ ಸಿಕ್ಕಿಹಾಕಿಕೊಳ್ಳುವವರು ಮುಖ್ಯವಾಗಿ ಸಾಫ್ಟ್ ಲ್ಯಾಂಡಿಂಗ್ ಮಾಡಿದವರು. ಬಂದು, ಎರಡು ವಾರ ಇದ್ದು, ವಿಳಾಸ ಕೊಟ್ಟು, ಪಿಆರ್ ಕಾರ್ಡ್‌ಗೆ ವ್ಯವಸ್ಥೆ ಮಾಡಿ, ಬೆಂಗಳೂರಿನ ಕೆಲಸಕ್ಕೆ ಮರಳಿ ಒಂದು ವರ್ಷದ ನಂತರ ಸಂಸಾರ ಸಮೇತ ಬಂದವರು ಲ್ಯಾಂಡಿಂಗ್ ದಿನದಿಂದಲೇ ಎಣಿಸಿಬಿಡುತ್ತಾರೆ. ಮಧ್ಯದ ಆ ಒಂದು ವರ್ಷ ಪೂರ್ತಿ ಗೈರುಹಾಜರಿ. ಅದೂ ಅಲ್ಲದೆ ಐದು ವರ್ಷದ ಅವಧಿ ದಿನಕ್ಕೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತಿರುತ್ತದೆ. ಅರ್ಜಿ ತಡಮಾಡಿದಷ್ಟೂ ಹಳೆಯ ದಿನಗಳು ಹಿಂದಿನಿಂದ ಉದುರಿಹೋಗುತ್ತವೆ. ಮಧ್ಯೆ ವರ್ಷಗಟ್ಟಲೆ ಹೊರಗಿದ್ದವರು ಇನ್ನೂ ಆರು ತಿಂಗಳು ಕಾದರೆ ಲೆಕ್ಕ ಆರು ತಿಂಗಳು ಕೂಡುತ್ತದೆ ಎಂದು ನಂಬಬಾರದು. ಹೊಸ ತಾರೀಖು ಹಾಕಿ ಮತ್ತೆ ಎಣಿಸಬೇಕು.

ಊರಿಗೆ ಹೋಗಿಬಂದ ತಾರೀಖುಗಳು

ಕೆನಡಾ ಬಿಟ್ಟ ದಿನ, ಮರಳಿ ಬಂದ ದಿನ, ಎರಡೂ ಹಾಜರಿ ದಿನಗಳೇ. ಡಿಸೆಂಬರ್ 5ರ ರಾತ್ರಿ ಟೊರಾಂಟೊದಲ್ಲಿ ವಿಮಾನ ಹತ್ತಿ ಜನವರಿ 10ಕ್ಕೆ ಟೊರಾಂಟೊದಲ್ಲಿ ಇಳಿದರೆ ಗೈರುಹಾಜರಿ ಡಿಸೆಂಬರ್ 6ರಿಂದ ಜನವರಿ 9ರವರೆಗೆ: 26 ಮತ್ತು 9, ಒಟ್ಟು 35 ದಿನ.

ಈಗ ಪಾಸ್‌ಪೋರ್ಟ್ ತೆರೆದು ಮುದ್ರೆ ನೋಡಿ. ಡಿಸೆಂಬರ್ 5ರ ರಾತ್ರಿ ಹೊರಟ ವಿಮಾನ ಯುರೋಪಿನಲ್ಲೋ ದೋಹಾದಲ್ಲೋ ನಿಂತು ಕೆಂಪೇಗೌಡ ವಿಮಾನ ನಿಲ್ದಾಣ ಮುಟ್ಟುವಾಗ 7ರ ಬೆಳಗಿನ ಜಾವ. ಇಮಿಗ್ರೇಷನ್ ಮುದ್ರೆಯಲ್ಲಿರುವುದು 7. ಆ ಮುದ್ರೆ ನೋಡಿ ಕೆನಡಾ ಬಿಟ್ಟ ದಿನ 7 ಎಂದು ತುಂಬಿದರೆ ಹಾಜರಿಗೆ ಎರಡು ದಿನ ಸುಮ್ಮನೆ ಜಾಸ್ತಿ ಹಾಕಿಕೊಂಡಂತಾಯಿತು. ಮೂರು ಸಲ ಊರಿಗೆ ಹೋಗಿಬಂದವರ ಲೆಕ್ಕದಲ್ಲಿ ಹೀಗೆ ಆರು ದಿನ ಏರುಪೇರಾಗುತ್ತದೆ. 1,097ಕ್ಕೆ ಅರ್ಜಿ ಹಾಕಿದವರು ನಿಜದಲ್ಲಿ 1,091ರಲ್ಲಿರುತ್ತಾರೆ. ಒಂದು ದಿನ ಕಡಿಮೆ ಬಿದ್ದರೂ ಅರ್ಜಿ ತಿರಸ್ಕಾರವೇ. ಮರಳುವಾಗಿನ ಕಥೆ ಇನ್ನೊಂದು. ಕೆನಡಾದ ಗಡಿ ಅಧಿಕಾರಿಗಳು ಪಿಆರ್ ಇರುವವರ ಪಾಸ್‌ಪೋರ್ಟ್‌ಗೆ ಮುದ್ರೆ ಹಾಕದೇ ಇರುವುದೇ ಹೆಚ್ಚು, ಹಾಗಾಗಿ ಮರಳಿದ ತಾರೀಖು ಪಾಸ್‌ಪೋರ್ಟ್‌ನಲ್ಲಿ ಸಿಗುವುದಿಲ್ಲ.

ಇದಕ್ಕೆ ಪರಿಹಾರ ನಾಲ್ಕು ಕಡೆ ಹುಡುಕುವುದು. ಮೊದಲು ಇಮೇಲ್‌ನಲ್ಲಿರುವ ಟಿಕೆಟ್ ಮತ್ತು ಬೋರ್ಡಿಂಗ್ ಪಾಸ್. ಎರಡನೆಯದು ಪಾಸ್‌ಪೋರ್ಟ್ ಮುದ್ರೆ, ತಾಳೆ ನೋಡುವುದಕ್ಕೆ ಮಾತ್ರ. ಮೂರನೆಯದು ಕೆನಡಾದ ಗಡಿ ಸೇವಾ ಸಂಸ್ಥೆ ಸಿಬಿಎಸ್ಎಯಿಂದ ನಿಮ್ಮದೇ ಪ್ರಯಾಣ ದಾಖಲೆ. ಪ್ರೈವೆಸಿ ಕಾಯ್ದೆಯಡಿ ಕೇಳಿದರೆ ದುಡ್ಡಿಲ್ಲದೆ ಕೊಡುತ್ತಾರೆ, ಆದರೆ ಕೈಸೇರಲು ವಾರಗಟ್ಟಲೆ ಹಿಡಿಯುತ್ತದೆ. ಅರ್ಜಿ ಹಾಕುವ ಎರಡು ಮೂರು ತಿಂಗಳ ಮುಂಚೆಯೇ ಕೇಳಿಡಿ. ನಾಲ್ಕನೆಯದು, ಕಾರಿನಲ್ಲಿ ಅಮೆರಿಕಕ್ಕೆ ಹೋಗಿಬಂದವರಿಗೆ, ಅಮೆರಿಕ ಸರ್ಕಾರದ ಐ-94 ತಾಣದಲ್ಲಿ ಸಿಗುವ ಪ್ರಯಾಣದ ಪಟ್ಟಿ. ನಯಾಗರದ ಆಚೆ ದಡಕ್ಕೋ ಬಫಲೋಗೋ ಹೋಗಿ ಅದೇ ದಿನ ಬಂದಿದ್ದರೆ ಅದು ಗೈರುಹಾಜರಿ ಅಲ್ಲ. ರಾತ್ರಿ ಉಳಿದು ಮಾರನೆಯ ದಿನ ಬಂದರೂ ಹೋದ ದಿನ, ಬಂದ ದಿನ ಎರಡೂ ಹಾಜರಿಯಾದ್ದರಿಂದ ಗೈರು ಸೊನ್ನೆ. ಹಾಗಿದ್ದರೂ ಆ ಪ್ರಯಾಣವನ್ನು ಬರೆಯದೆ ಬಿಡಬೇಡಿ. ಅಧಿಕಾರಿಗಳ ಮುಂದೆ ಗಡಿ ದಾಖಲೆ ಇರುತ್ತದೆ; ಅದರಲ್ಲಿರುವ ಪ್ರಯಾಣ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಉಳಿದ ಪಟ್ಟಿಯ ಮೇಲೂ ಅನುಮಾನ ಬರುತ್ತದೆ.

ವಲಸೆ ಇಲಾಖೆ, ಅಂದರೆ ಐಆರ್‌ಸಿಸಿ, ದಿನಗಳ ಲೆಕ್ಕಕ್ಕೆ ಒಂದು ಕ್ಯಾಲ್ಕುಲೇಟರ್ ಇಟ್ಟಿದೆ. ತಾರೀಖುಗಳನ್ನು ತುಂಬಿದರೆ ಒಟ್ಟು ತೋರಿಸುತ್ತದೆ. ಅಲ್ಲಿ 1,095 ಬಂತೆಂದು ಅದೇ ದಿನ ಸಹಿ ಹಾಕಲು ಹೋಗಬೇಡಿ. ಇನ್ನೂ 20-30 ದಿನ ಕಾಯಿರಿ. ಈ ಒಂದು ತಿಂಗಳಿನಿಂದ ಕಳೆದುಕೊಳ್ಳುವುದೇನೂ ಇಲ್ಲ. ಒಂದು ಪ್ರಯಾಣದ ತಾರೀಖು ತಪ್ಪಾಗಿದ್ದರೂ ಅರ್ಜಿ ಉಳಿದುಕೊಳ್ಳುತ್ತದೆ. ಸಹಿ ಹಾಕಿದ ಮೇಲಿನ ದಿನಗಳನ್ನು ಆ ಅರ್ಜಿಗೆ ಸೇರಿಸಿಕೊಳ್ಳಲು ಬರುವುದಿಲ್ಲ ಎಂಬುದನ್ನು ಮರೆಯಬಾರದು.

ಉಳಿದ ಷರತ್ತುಗಳು

ಪಿಆರ್ ಸ್ಥಾನಮಾನ ಚಾಲ್ತಿಯಲ್ಲಿರಬೇಕು. ಪಿಆರ್ ಕಾರ್ಡ್‌ನ ಅವಧಿ ಮುಗಿದಿದ್ದರೆ ತೊಂದರೆಯಿಲ್ಲ, ಕಾರ್ಡ್ ಬೇರೆ, ಸ್ಥಾನಮಾನ ಬೇರೆ. ಆದರೆ ಅರ್ಜಿ ಬಾಕಿಯಿರುವಾಗ ಊರಿಗೆ ಹೋಗಿ ಮರಳಬೇಕಾದರೆ ಚಾಲ್ತಿಯಲ್ಲಿರುವ ಕಾರ್ಡ್, ಇಲ್ಲವೇ ಪಿಆರ್ ಪ್ರಯಾಣ ದಾಖಲೆ, ಬೇಕೇ ಬೇಕು, ಇಲ್ಲದಿದ್ದರೆ ವಿಮಾನ ಹತ್ತಿಸುವುದಿಲ್ಲ. ಮುಗಿಯುವ ಹೊತ್ತಾಗಿದ್ದರೆ ನವೀಕರಿಸಿಕೊಳ್ಳುವುದೇ ಜಾಣತನ.

ಐದು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷದ ಆದಾಯ ತೆರಿಗೆ ವಿವರ ಸಲ್ಲಿಸಿರಬೇಕು, ಸಲ್ಲಿಸಲೇಬೇಕಾದ ಬಾಧ್ಯತೆ ನಿಮಗಿದ್ದರೆ. ಮನೆಯಲ್ಲಿರುವ ಗಂಡನೋ ಹೆಂಡತಿಯೋ, ಆದಾಯವಿಲ್ಲ ಎಂದು ತೆರಿಗೆ ವಿವರ ಸಲ್ಲಿಸದೇ ಬಿಡುವುದುಂಟು. ಸೊನ್ನೆ ಆದಾಯವಿದ್ದರೂ ಪ್ರತಿ ವರ್ಷ ಏಪ್ರಿಲ್ 30ರೊಳಗೆ ಸಲ್ಲಿಸಿಬಿಟ್ಟರೆ ಪ್ರಶ್ನೆಯೇ ಏಳುವುದಿಲ್ಲ. ತೆರಿಗೆ ಇಲಾಖೆ ಕಳಿಸುವ ನೋಟಿಸ್ ಆಫ್ ಅಸೆಸ್‌ಮೆಂಟ್ ಪತ್ರಗಳನ್ನು ವರ್ಷವಾರು ಜೋಡಿಸಿಡಿ.

ಭಾಷೆಯ ಷರತ್ತು 18ರಿಂದ 54 ವರ್ಷದವರಿಗೆ. ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ಮಾತಾಡುವುದು ಮತ್ತು ಕೇಳಿ ಅರ್ಥ ಮಾಡಿಕೊಳ್ಳುವುದು, ಇವೆರಡು ಮಾತ್ರ, ಕೆನಡಾದ ಭಾಷಾ ಮಾನದಂಡದ 4ನೇ ಹಂತದಲ್ಲಿ. ಪಿಆರ್‌ಗಾಗಿ ಬರೆದ ಐಇಎಲ್‌ಟಿಎಸ್ ಜನರಲ್ ಅಥವಾ ಸೆಲ್ಪಿಪ್ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಕೈಯಲ್ಲಿದ್ದರೆ ಅದೇ ಸಾಕು, ಅದರ ಅವಧಿ ಮುಗಿದಿದ್ದರೂ ಪೌರತ್ವಕ್ಕೆ ನಡೆಯುತ್ತದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ಮತ್ತೆ ಫೀಸು ಕಟ್ಟಿ ಪರೀಕ್ಷೆ ಬರೆಯುತ್ತಾರೆ. ಸಂಗಾತಿಯ ಹೆಸರಿನಲ್ಲಿ ಬಂದು ಯಾವ ಪರೀಕ್ಷೆಯನ್ನೂ ಬರೆಯದವರು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಪದವಿಯನ್ನು ತೋರಿಸಬಹುದು. ಬರೀ ಪದವಿ ಪ್ರಮಾಣಪತ್ರ ಕಳಿಸಿದರೆ ಬೋಧನಾ ಮಾಧ್ಯಮ ಯಾವುದೆಂದು ಅದರಲ್ಲಿ ಇರುವುದಿಲ್ಲ. ವಿಟಿಯು ಆಗಲಿ ಬೆಂಗಳೂರು ವಿಶ್ವವಿದ್ಯಾಲಯವಾಗಲಿ, ಇಂಗ್ಲಿಷ್ ಮಾಧ್ಯಮ ಎಂದು ಸ್ಪಷ್ಟವಾಗಿ ಬರೆದ ಪತ್ರವನ್ನು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ತರಿಸಿಕೊಂಡು ಮಾರ್ಕ್ಸ್ ಕಾರ್ಡ್‌ಗಳ ಜೊತೆಗಿಡಿ. ಊರಿಗೆ ಹೋದಾಗಲೇ ಈ ಪತ್ರ ಮಾಡಿಸಿಕೊಂಡು ಬರುವುದು ಒಳ್ಳೆಯದು. ದೂರದಿಂದ ಫೋನಿನಲ್ಲಿ ಮಾಡಿಸುವುದಕ್ಕೆ ತಿಂಗಳುಗಳೇ ಬೇಕಾಗಬಹುದು. 55 ದಾಟಿದ ತಂದೆತಾಯಿಗೆ ಭಾಷೆಯ ಪುರಾವೆಯೂ ಬೇಡ, ಜ್ಞಾನ ಪರೀಕ್ಷೆಯೂ ಬೇಡ. ದಿನಗಳ ಲೆಕ್ಕ ಮಾತ್ರ ಅವರಿಗೂ ಇದೆ, ವರ್ಷಕ್ಕೆ ಆರು ತಿಂಗಳು ಊರಿನಲ್ಲೇ ಇರುವ ಹಿರಿಯರಿಗೆ ಅದೇ ಕಷ್ಟ.

ಕಳೆದ ನಾಲ್ಕು ವರ್ಷಗಳಲ್ಲಿ ಕೆನಡಾ ಬಿಟ್ಟು ಬೇರೊಂದು ದೇಶದಲ್ಲಿ ಸತತವಾಗಿ 183 ದಿನ ಅಥವಾ ಹೆಚ್ಚು ಇದ್ದಿದ್ದರೆ ಆ ದೇಶದ ಪೊಲೀಸ್ ಪ್ರಮಾಣಪತ್ರ (ಪಿಸಿಸಿ) ಬೇಕು. ಸಾಫ್ಟ್ ಲ್ಯಾಂಡಿಂಗ್ ಮಾಡಿ ಬೆಂಗಳೂರಿಗೆ ಮರಳಿದ್ದವರು, ಬಾಣಂತನಕ್ಕೆಂದು ಏಳೆಂಟು ತಿಂಗಳು ತವರಿನಲ್ಲಿದ್ದವರು ಭಾರತದ ಪಿಸಿಸಿ ಮಾಡಿಸಬೇಕಾಗಿ ಬರುತ್ತದೆ. ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದವರಿಗೆ ಎಫ್‌ಬಿಐ ದಾಖಲೆ. ಕ್ರಿಮಿನಲ್ ಮೊಕದ್ದಮೆ ನಡೆಯುತ್ತಿದ್ದರೆ, ಇಲ್ಲವೇ ನಾಲ್ಕು ವರ್ಷದೊಳಗೆ ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ಈ ಅರ್ಜಿ ಮುಂದಕ್ಕೆ ಹೋಗದು. ಕುಡಿದು ಗಾಡಿ ಓಡಿಸಿದ ಕೇಸನ್ನು ಸಣ್ಣದೆಂದು ತಿಳಿಯಬೇಡಿ. 2018ರ ಡಿಸೆಂಬರ್‌ನಿಂದ ಕೆನಡಾದಲ್ಲಿ ಅದಕ್ಕೆ ಗರಿಷ್ಠ ಶಿಕ್ಷೆ 10 ವರ್ಷ. ಅಂಥದ್ದೇನಾದರೂ ಇದ್ದರೆ ಅರ್ಜಿ ಮುಟ್ಟುವ ಮುಂಚೆ ವಕೀಲರನ್ನು ಕಾಣಿ.

ಹೆಸರು, ಇನಿಷಿಯಲ್, ಸರ್‌ನೇಮ್

ನಮ್ಮ ಕಡೆಯವರಿಗೆಂದೇ ಇರುವ ತೊಡಕು ಇದು. ಅಪ್ಪನ ಹೆಸರು ಇನಿಷಿಯಲ್ ಆಗಿ, ಊರಿನ ಹೆಸರು ಇನ್ನೊಂದು ಇನಿಷಿಯಲ್ ಆಗಿ, ಸರ್‌ನೇಮ್ ಎಂಬುದೇ ಇಲ್ಲದೆ ಬೆಳೆದವರು ನಾವು. ಮಾರ್ಕ್ಸ್ ಕಾರ್ಡ್‌ನಲ್ಲಿ ಮಂಜುನಾಥ ಕೆ ಎಸ್, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದನೆಯ ಹೆಸರು, ಪಿಆರ್ ಕಾರ್ಡ್‌ನಲ್ಲಿ ಇಡೀ ಹೆಸರು ಸರ್‌ನೇಮ್ ಜಾಗದಲ್ಲಿ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇನ್ನೊಂದು ಥರ. ಪೌರತ್ವ ಪ್ರಮಾಣಪತ್ರ ಬರುವುದು ನಿಮ್ಮ ವಲಸೆ ದಾಖಲೆಯಲ್ಲಿರುವ ಹೆಸರಿಗೆ. ಆದ್ದರಿಂದ ಅರ್ಜಿಯಲ್ಲಿ ಪಿಆರ್ ದಾಖಲೆಯಲ್ಲಿ ಇರುವಂತೆಯೇ, ಅಕ್ಷರ ಬಿಡದೆ ಬರೆಯಿರಿ. ಬೇರೆ ದಾಖಲೆಗಳಲ್ಲಿರುವ ರೂಪಗಳನ್ನೆಲ್ಲ ಬೇರೆ ಹೆಸರುಗಳು ಎಂದು ಕೇಳುವ ಜಾಗದಲ್ಲಿ ಹಾಕಿ, ಅಪ್ಪನ ಹೆಸರನ್ನು ಇನಿಷಿಯಲ್ ಆಗಿ ಬಳಸುವ ಪದ್ಧತಿಯನ್ನು ಎರಡು ಸಾಲಿನ ವಿವರಣಾ ಪತ್ರದಲ್ಲಿ ತಿಳಿಸಿದರೆ ಸಾಕು.

ಹೆಸರನ್ನೇ ಸರಿಮಾಡಿಕೊಳ್ಳಬೇಕು ಎಂದಿದ್ದರೆ ಅದಕ್ಕೆ ಹೊತ್ತು ಅರ್ಜಿಗೆ ಮುಂಚೆ. ನೀವಿರುವ ಪ್ರಾಂತ್ಯದಲ್ಲಿ ಕಾನೂನುಬದ್ಧವಾಗಿ ಹೆಸರು ಬದಲಿಸಿ, ಆ ಆದೇಶವನ್ನು ಅರ್ಜಿಯ ಜೊತೆ ಲಗತ್ತಿಸಿ. ಮುಂದೆ ಕೆನಡಾ ಪಾಸ್‌ಪೋರ್ಟ್, ಒಸಿಐ (ಹೊರದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್), ಊರಿನ ಪಹಣಿ, ಬ್ಯಾಂಕ್ ಖಾತೆ ಎಲ್ಲಕ್ಕೂ ಈ ಹೆಸರನ್ನೇ ತಾಳೆ ನೋಡುತ್ತಾರೆ. ಹಾಗಾಗಿ ಬದಲಿಸಿದ ಆದೇಶದ ಪ್ರಮಾಣೀಕೃತ ಪ್ರತಿ ಎರಡು ಮೂರು ತೆಗೆದಿಡಿ.

ಅರ್ಜಿ ತುಂಬುವುದು

ಆನ್‌ಲೈನ್‌ನಲ್ಲಿ ಹಾಕುವುದೇ ಒಳ್ಳೆಯದು. ಜಾಗ ಖಾಲಿ ಬಿಟ್ಟರೆ ಅದೇ ಎಚ್ಚರಿಸುತ್ತದೆ. ದೊಡ್ಡವರಿಗೆ ಸಿಐಟಿ 0002 ನಮೂನೆ, 18ಕ್ಕಿಂತ ಕೆಳಗಿನವರಿಗೆ ಸಿಐಟಿ 0003. ಅಪ್ಪ ಅಥವಾ ಅಮ್ಮನ ಜೊತೆ ಅರ್ಜಿ ಹಾಕುವ ಮಕ್ಕಳಿಗೆ 1,095 ದಿನದ ಷರತ್ತಿಲ್ಲ, ಪಿಆರ್ ಆಗಿದ್ದರೆ ಸಾಕು. ಇಡೀ ಕುಟುಂಬ ಒಟ್ಟಿಗೆ ಹಾಕಿದರೆ ಒಬ್ಬರ ದಾಖಲೆಯಲ್ಲಿ ಕೊರತೆಯಿದ್ದರೂ ಎಲ್ಲರದ್ದೂ ನಿಲ್ಲುತ್ತದೆ. ಹೆಂಡತಿಯ ದಿನ ತುಂಬಿದೆ, ಗಂಡನಿಗೆ ಇನ್ನೂ ಐದು ತಿಂಗಳು ಬೇಕು ಎಂದಾದರೆ ಹೆಂಡತಿ ಮಕ್ಕಳು ಮೊದಲು ಹಾಕಲಿ.

ಐದು ವರ್ಷದ ವಿಳಾಸ ಮತ್ತು ಐದು ವರ್ಷದ ಕೆಲಸ, ಓದಿನ ಪಟ್ಟಿಯಲ್ಲಿ ಒಂದು ತಿಂಗಳೂ ಖಾಲಿ ಇರಬಾರದು. ಕೆಲಸ ಬಿಟ್ಟು ಇನ್ನೊಂದು ಸಿಗುವವರೆಗಿನ ಎರಡು ತಿಂಗಳಿದ್ದರೆ ಕೆಲಸವಿರಲಿಲ್ಲ ಎಂದೇ ಬರೆಯಬೇಕು. ಮನೆ ನೋಡಿಕೊಳ್ಳುತ್ತಿದ್ದವರು ಗೃಹಿಣಿ ಎಂದು ಬರೆಯಬೇಕು. ಬಂದ ಹೊಸತರಲ್ಲಿ ಪರಿಚಿತರ ಬೇಸ್‌ಮೆಂಟಿನಲ್ಲಿ ಮೂರು ವಾರ ಇದ್ದರೂ ಅದೊಂದು ವಿಳಾಸವೇ. ಕಾಗದದ ಅರ್ಜಿಗಳು ಹಿಂದಿರುಗಿ ಬರುವುದಕ್ಕೆ ಇಂಥ ಸಣ್ಣ ಸಣ್ಣ ಖಾಲಿಗಳೇ ಕಾರಣ.

ಪಾಸ್‌ಪೋರ್ಟ್‌ಗಳಲ್ಲಿ ಐದು ವರ್ಷದ ಅವಧಿಗೆ ಸೇರುವ ಎಲ್ಲವೂ ಬೇಕು, ರದ್ದಾದ ಹಳೆಯದೂ ಸೇರಿ. ಎರಡು ಪಾಸ್‌ಪೋರ್ಟ್‌ಗಳ ನಡುವೆ ಅಂತರವಿದ್ದರೆ ಕಾರಣ ಬರೆಯಿರಿ. ಫೋಟೊ ಇರುವ ಪುಟವನ್ನು ಅರ್ಜಿಗೆ ಹಾಕುವಾಗಲೇ ಉಳಿದ ಪುಟಗಳನ್ನೂ, ಖಾಲಿ ಪುಟಗಳು ಸಮೇತ, ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಮುಂದೆ ಇಲಾಖೆ ಕೇಳಿದರೆ ಅವೇ ಬೇಕಾಗುತ್ತವೆ. ಇವುಗಳ ಜೊತೆ ಎರಡು ಗುರುತಿನ ದಾಖಲೆ, ಒಂದರಲ್ಲಿ ಫೋಟೊ ಇರಬೇಕು: ಡ್ರೈವಿಂಗ್ ಲೈಸೆನ್ಸ್, ಹೆಲ್ತ್ ಕಾರ್ಡ್ ಸಾಮಾನ್ಯವಾಗಿ ಸಾಕು.

ಪೌರತ್ವದ ಫೋಟೊ ಅಳತೆ 50 ಮಿ.ಮೀ. ಅಗಲ, 70 ಮಿ.ಮೀ. ಎತ್ತರ, ಗಲ್ಲದಿಂದ ನೆತ್ತಿಯವರೆಗೆ ಮುಖ 31ರಿಂದ 36 ಮಿ.ಮೀ. ಆರು ತಿಂಗಳೊಳಗೆ ತೆಗೆಸಿದ್ದಾಗಿರಬೇಕು. ಒಸಿಐಗೆ ಬೇಕಾದದ್ದು ಚೌಕಾಕಾರದ ಫೋಟೊ, ಎರಡಕ್ಕೂ ಒಂದೇ ಫೋಟೊ ಆಗುವುದಿಲ್ಲ.

ಶುಲ್ಕ ದೊಡ್ಡವರಿಗೆ ಎರಡು ಭಾಗ. ಅರ್ಜಿ ಪರಿಶೀಲನೆಗೆ 530 ಡಾಲರ್, ಪೌರತ್ವದ ಹಕ್ಕಿನ ಶುಲ್ಕ 2025ರ ಮಾರ್ಚ್ 31ರಿಂದ 119.75 ಡಾಲರ್. ಒಟ್ಟು 649.75. ಮಕ್ಕಳಿಗೆ 100. ಅಂದರೆ ಆ ದರದಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ 1,499.50 ಡಾಲರ್. ಹಕ್ಕಿನ ಶುಲ್ಕವನ್ನು ಕಾಲಕಾಲಕ್ಕೆ ಏರಿಸುತ್ತಾರೆ, ಆದ್ದರಿಂದ ಕಟ್ಟುವ ದಿನ ಇಲಾಖೆಯ ಪುಟದಲ್ಲಿ ಇರುವಷ್ಟನ್ನೇ ಕಟ್ಟಿ. ಅರ್ಜಿ ತಿರಸ್ಕಾರವಾದರೆ ಹಕ್ಕಿನ ಶುಲ್ಕ ಮಾತ್ರ ವಾಪಸ್ಸು, 530 ಹೋದಂತೆಯೇ.

ಕಳಿಸಿದ ಮೇಲೆ

ಮೊದಲು ಸ್ವೀಕೃತಿ ಪತ್ರ ಬರುತ್ತದೆ. ಅದರಲ್ಲಿರುವ ಅರ್ಜಿ ಸಂಖ್ಯೆ, ಇಲಾಖೆ ನಿಮಗೆ ಕೊಟ್ಟ ಗುರುತಿನ ಸಂಖ್ಯೆ ಯುಸಿಐ ಬಳಸಿ ಇಲಾಖೆಯ ಟ್ರ್ಯಾಕರ್‌ನಲ್ಲಿ ಖಾತೆ ತೆರೆಯಿರಿ. ಭಾಷೆ, ಹಾಜರಿ, ಹಿನ್ನೆಲೆ ಪರಿಶೀಲನೆ, ನಿಷೇಧಗಳು, ಪರೀಕ್ಷೆ, ಪ್ರಮಾಣವಚನ, ಹೀಗೆ ಒಂದೊಂದೂ ಪ್ರತ್ಯೇಕವಾಗಿ ಮುಗಿಯುತ್ತಾ ಹೋಗುವುದು ಅಲ್ಲಿ ಕಾಣುತ್ತದೆ. ಇಲಾಖೆ ತಾನೇ ಇಟ್ಟುಕೊಂಡಿರುವ ಗಡುವು 12 ತಿಂಗಳು. ಕೆಲವರದು ಅದಕ್ಕೂ ಬೇಗ ಮುಗಿಯುತ್ತದೆ, ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿದವರದು ಮೀರುತ್ತದೆ.

ಬೆರಳಚ್ಚು ಕೇಳಿದರೆ ಪತ್ರದಲ್ಲಿ ಹೇಳಿದ ಗಡುವಿನೊಳಗೆ ಕೊಡಬೇಕು. ಇಮೇಲ್‌ಗಳು ಸ್ಪ್ಯಾಮ್‌ಗೆ ಬಿದ್ದು ಗಡುವು ದಾಟಿ, ಅರ್ಜಿಯನ್ನೇ ಕೈಬಿಟ್ಟಿರಿ ಎಂದು ಇಲಾಖೆ ಮುಚ್ಚಿಹಾಕಿದ ಪ್ರಸಂಗಗಳಿವೆ. ವಾರಕ್ಕೊಮ್ಮೆ ಸ್ಪ್ಯಾಮ್ ತೆರೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಮನೆ ಬದಲಿಸಿದರೆ ಕೂಡಲೇ ವಿಳಾಸ ತಿದ್ದಿ.

ಲೆಕ್ಕದಲ್ಲಿ ಅನುಮಾನ ಬಂದವರಿಗೆ ನಿವಾಸದ ಪ್ರಶ್ನಾವಳಿ ಬರುತ್ತದೆ. ಬಾಡಿಗೆ ಕರಾರು, ಸಂಬಳದ ತೆರಿಗೆ ಚೀಟಿ ಟಿ4, ಬ್ಯಾಂಕ್ ಸ್ಟೇಟ್‌ಮೆಂಟ್, ಕರೆಂಟ್ ಬಿಲ್ಲು, ಮಕ್ಕಳ ಶಾಲೆಯ ಪತ್ರ, ಆಸ್ಪತ್ರೆಗೆ ಹೋದ ದಾಖಲೆ, ಎಲ್ಲವನ್ನೂ ಕೇಳುತ್ತಾರೆ. ಹೊರದೇಶದ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು, ಆಗಾಗ ಅಮೆರಿಕಕ್ಕೆ ಹೋಗಿಬರುವವರು ಇವನ್ನು ಮೊದಲೇ ಜೋಡಿಸಿಟ್ಟಿರಬೇಕು. ಗೊತ್ತಿದ್ದೂ ಸುಳ್ಳು ತಾರೀಖು ಕೊಟ್ಟಿದ್ದು ಸಾಬೀತಾದರೆ ಐದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಮರೆತುಹೋದ ಪ್ರಯಾಣ ಆಮೇಲೆ ನೆನಪಾದರೆ ಅವರು ಕೇಳುವ ಮುಂಚೆಯೇ ಇಲಾಖೆಯ ಜಾಲತಾಣದ ಮೂಲಕ ನೀವೇ ತಿಳಿಸಿ.

ಪಿಆರ್ ಉಳಿಸಿಕೊಳ್ಳುವ ನಿಯಮ, ಐದು ವರ್ಷದಲ್ಲಿ 730 ದಿನ ಇರಬೇಕೆಂಬುದು, ಪ್ರಮಾಣವಚನದ ದಿನದವರೆಗೂ ಅನ್ವಯಿಸುತ್ತದೆ. ಅರ್ಜಿ ಹಾಕಿ ಊರಿಗೆ ಹೋಗಬಾರದೆಂದೇನಿಲ್ಲ, ಆದರೆ ಪತ್ರ ಬಂದಾಗ ಉತ್ತರಿಸಬೇಕು, ಕರೆದಾಗ ಬರಬೇಕು.

ಪರೀಕ್ಷೆ

20 ಪ್ರಶ್ನೆ, 45 ನಿಮಿಷ, 15 ಸರಿಯಾದರೆ ಪಾಸು. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಬರೆಯುವುದು. ಕ್ಯಾಮೆರಾ ಇರಬೇಕು, ಅದು ನಡುನಡುವೆ ನಿಮ್ಮ ಫೋಟೊ ತೆಗೆಯುತ್ತದೆ. ಕೋಣೆಯಲ್ಲಿ ಬೇರೆಯವರು ಇರಬಾರದು. ಪಕ್ಕದಲ್ಲಿ ಮಗು ಬಂದು ನಿಂತರೂ ಅನುಮಾನಕ್ಕೆ ದಾರಿ, ಮಕ್ಕಳು ಶಾಲೆಗೆ ಹೋದ ಹೊತ್ತು ಆರಿಸಿಕೊಳ್ಳಿ. ಆಹ್ವಾನ ಬಂದ ಮೇಲೆ 30 ದಿನದ ಅವಧಿ, ಅದರಲ್ಲಿ ಮೂರು ಅವಕಾಶ. ಮೂರರಲ್ಲೂ ಆಗದಿದ್ದರೆ ಅಧಿಕಾರಿಯೊಬ್ಬರ ಮುಂದೆ ಮುಖಾಮುಖಿ ವಿಚಾರಣೆ.

ಓದಬೇಕಾದದ್ದು ಇಲಾಖೆಯೇ ಉಚಿತವಾಗಿ ಕೊಡುವ ಡಿಸ್ಕವರ್ ಕೆನಡಾ ಪುಸ್ತಿಕೆ ಒಂದೇ. 1867ರ ಜುಲೈ 1ರಂದು ಒಂಟಾರಿಯೊ, ಕ್ವಿಬೆಕ್, ನೋವಾ ಸ್ಕೋಶಿಯಾ, ನ್ಯೂ ಬ್ರನ್ಸ್‌ವಿಕ್ ಸೇರಿ ಒಕ್ಕೂಟವಾದದ್ದು, ಮೊದಲ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್, 1917ರ ವಿಮಿ ರಿಡ್ಜ್ ಕದನ, 1982ರ ಹಕ್ಕು ಸನ್ನದು, 1999ರಲ್ಲಿ ರೂಪುಗೊಂಡ ನುನಾವುಟ್, ಸೆನೆಟ್‌ಗೂ ಕೆಳಮನೆಗೂ ಇರುವ ವ್ಯತ್ಯಾಸ, ಇಂಥವು. ಪುಸ್ತಿಕೆಯ ಹಳೆಯ ಮುದ್ರಣದಲ್ಲಿ ರಾಣಿ ಎಂದಿರುವ ಕಡೆ ಈಗ ರಾಜ ಮೂರನೇ ಚಾರ್ಲ್ಸ್ ಎಂದು ಓದಿಕೊಳ್ಳಿ. ನಿಮ್ಮ ಪ್ರಾಂತ್ಯದ ರಾಜಧಾನಿ, ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಂತೆ), ಲೆಫ್ಟಿನೆಂಟ್ ಗವರ್ನರ್, ನಿಮ್ಮ ಕ್ಷೇತ್ರದ ಸಂಸದರ ಹೆಸರು ಬರೆದಿಟ್ಟುಕೊಳ್ಳಿ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಓದಿದರೆ ಸಾಕಾಗುತ್ತದೆ.

ಪ್ರಮಾಣವಚನ

ಇದು ಸಭಾಂಗಣದಲ್ಲೂ ನಡೆಯುತ್ತದೆ, ಜೂಮ್‌ನಲ್ಲೂ ನಡೆಯುತ್ತದೆ. ಜೂಮ್ ಆದರೂ ಆ ಹೊತ್ತಿಗೆ ನೀವು ಕೆನಡಾದೊಳಗೇ ಇರಬೇಕು. ಮೇಜಿನ ಮೇಲೆ ಪಿಆರ್ ಕಾರ್ಡ್, ಇನ್ನೊಂದು ಗುರುತಿನ ಚೀಟಿ, ಒಂದು ಕತ್ತರಿ ಇಟ್ಟುಕೊಂಡು ಕೂರಬೇಕು. ಶುರುವಾಗುವ ಮುಂಚೆ ಅಧಿಕಾರಿ ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆದು ಕಾರ್ಡ್ ತೋರಿಸಲು ಹೇಳುತ್ತಾರೆ, ಆಮೇಲೆ ಕ್ಯಾಮೆರಾ ಮುಂದೆಯೇ ಅದನ್ನು ಕತ್ತರಿಸಲು ಹೇಳುತ್ತಾರೆ. ಅವರು ಹೇಳುವ ಮುಂಚೆ ಕತ್ತರಿಸಬೇಡಿ. ವರ್ಷಗಟ್ಟಲೆ ಜೋಪಾನ ಮಾಡಿದ ಕಾರ್ಡು ಎರಡು ತುಂಡಾಗುವಾಗ ಎಷ್ಟೋ ಜನರ ಕೈ ಒಂದು ಕ್ಷಣ ತಡೆಯುತ್ತದೆ.

ಪ್ರಮಾಣವಚನವನ್ನು ಇಂಗ್ಲಿಷ್‌ನಲ್ಲೂ ಫ್ರೆಂಚ್‌ನಲ್ಲೂ ಹೇಳಿಸುತ್ತಾರೆ. ದೇವರ ಹೆಸರಿನಲ್ಲಿ ಆಣೆ ಇಡುವುದೋ ಬರೀ ದೃಢೀಕರಿಸುವುದೋ ನಿಮ್ಮ ಆಯ್ಕೆ. 2021ರ ಜೂನ್‌ನಿಂದ ಅದರಲ್ಲಿ ಮೂಲನಿವಾಸಿಗಳ ಹಕ್ಕು ಮತ್ತು ಒಪ್ಪಂದಗಳ ಮಾತೂ ಸೇರಿದೆ. 14 ತುಂಬಿದ ಮಕ್ಕಳೂ ಹೇಳಬೇಕು. ಮುಗಿದ ಮೇಲೆ ಪ್ರಮಾಣ ನಮೂನೆಗೆ ಸಹಿ ಹಾಕಿ ಕಳಿಸಬೇಕು. ಪ್ರಮಾಣಪತ್ರ ಎಲೆಕ್ಟ್ರಾನಿಕ್ ಆಗಿ ಬೇಕೋ ಕಾಗದದಲ್ಲಿ ಬೇಕೋ ಆರಿಸಿಕೊಳ್ಳಬಹುದು. ಅದು ಬಂದ ಮೇಲೆ ಕೆನಡಾ ಪಾಸ್‌ಪೋರ್ಟ್‌ಗೆ ಅರ್ಜಿ. ಅದಕ್ಕೆ ಗ್ಯಾರಂಟರ್ ಒಬ್ಬರು ಬೇಕು: ಕೆನಡಾ ಪಾಸ್‌ಪೋರ್ಟ್ ಹೊಂದಿದ, ಕನಿಷ್ಠ ಎರಡು ವರ್ಷದಿಂದ ನಿಮ್ಮನ್ನು ಬಲ್ಲ ಪೌರರು. ಇವರ ಹೊರತು ಇನ್ನಿಬ್ಬರು ಪರಿಚಿತರ ಹೆಸರೂ ಬೇಕು. ಯಾರೆಂದು ಮೊದಲೇ ಯೋಚಿಸಿಡಿ.

ಭಾರತದ ಕಡೆಯ ಕೆಲಸ

ಕೆನಡಾ 1977ರಿಂದ ಎರಡು ಪೌರತ್ವವನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಭಾರತದ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ. ಅಂದರೆ ಪ್ರಮಾಣವಚನ ಹೇಳಿದ ದಿನವೇ, ಪಾಸ್‌ಪೋರ್ಟ್ ಒಪ್ಪಿಸಿದ ದಿನವಲ್ಲ. ಭಾರತದ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಆರು ವರ್ಷ ಅವಧಿ ಇದೆ ಎಂದು ಅದನ್ನು ಹಿಡಿದು ಊರಿಗೆ ಹೋಗುವುದು ಅಪರಾಧ, ದಂಡವೂ ಉಂಟು.

ಇದರಿಂದಾಗಿ ಪ್ರಮಾಣವಚನದ ನಂತರ ಕೆಲವು ತಿಂಗಳು ಊರಿಗೆ ಹೋಗಲಾಗದ ಸ್ಥಿತಿ ಬರುತ್ತದೆ: ಹಳೆಯ ಪಾಸ್‌ಪೋರ್ಟ್ ಬಳಸುವಂತಿಲ್ಲ, ಹೊಸತರ ಮೇಲೆ ವೀಸಾವೋ ಒಸಿಐಯೋ ಬರಬೇಕು. ಆ ಅವಧಿಗೆ ತಂಗಿಯ ಮದುವೆಯೋ ಮನೆಯ ಗೃಹಪ್ರವೇಶವೋ ಬಿದ್ದರೆ ಪೇಚಾಟ. ಪ್ರಮಾಣವಚನದ ಕರೆ ಬಂದಾಗ ಆ ತಾರೀಖು ಆಗದೆಂದು ಕಾರಣ ಹೇಳಿ ಮುಂದೂಡಲು ಕೇಳಬಹುದು. ಊರಿನ ಕಾರ್ಯಕ್ರಮ ಮುಗಿಸಿ ಬಂದು ಪ್ರಮಾಣ ಹೇಳುವುದೇ ನೆಮ್ಮದಿ. ತಂದೆತಾಯಿಯ ಆರೋಗ್ಯ ಸರಿಯಿಲ್ಲದವರು ಇದನ್ನು ಇನ್ನೂ ಗಮನವಿಟ್ಟು ಯೋಚಿಸಬೇಕು.

ಕೆಲಸದ ಕ್ರಮ ಹೀಗೆ. ಕೆನಡಾ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಭಾರತದ ಪೌರತ್ವ ತ್ಯಜಿಸಿದ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ಮೂಲ ಭಾರತೀಯ ಪಾಸ್‌ಪೋರ್ಟ್, ಪೌರತ್ವ ಪ್ರಮಾಣಪತ್ರದ ಪ್ರತಿ, ವಿಳಾಸದ ಪುರಾವೆಯೊಡನೆ ಭಾರತದ ಪರವಾಗಿ ಅರ್ಜಿ ಪಡೆಯುವ ಬಿಎಲ್‌ಎಸ್ ಕೇಂದ್ರದಲ್ಲಿ ಕೊಡಬೇಕು. ಕೊಡುವ ಮುಂಚೆ ಪಾಸ್‌ಪೋರ್ಟ್‌ನ ಎಲ್ಲ ಪುಟ ಸ್ಕ್ಯಾನ್ ಮಾಡಿ. ರದ್ದಾದ ಮುದ್ರೆಯೊಡನೆ ಅದು ವಾಪಸ್ಸು ಬರುತ್ತದೆ, ಜೊತೆಗೆ ಸರೆಂಡರ್ ಪ್ರಮಾಣಪತ್ರ. ಅದರ ಮೇಲೆಯೇ ಒಸಿಐ ಅರ್ಜಿ. ಹೊರದೇಶದಲ್ಲಿ ಅದರ ಶುಲ್ಕ 275 ಅಮೆರಿಕನ್ ಡಾಲರ್‌ಗೆ ಸಮನಾದ ಮೊತ್ತ, ಮೇಲೆ ಸೇವಾ ಶುಲ್ಕ. ಅಪ್ಪ ಅಮ್ಮನ ಹೆಸರು, ಹುಟ್ಟಿದ ಊರು ಹಳೆಯ ಭಾರತೀಯ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಬರೆಯಿರಿ. ಹೆಸರು ಬದಲಿಸಿದ್ದರೆ ಆ ಆದೇಶದ ಪ್ರತಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಸಿಐ ಜೀವನಪೂರ್ತಿ ವೀಸಾ ಇದ್ದಂತೆ. ಮತದಾನವಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನಮೂನೆ 7 ಕೊಟ್ಟು ತೆಗೆಸಬೇಕು. ಮನೆ, ಸೈಟು, ಫ್ಲಾಟ್ ಕೊಳ್ಳಬಹುದು. ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಾಸನದ ಕಾಫಿ ತೋಟವೋ ಮಂಡ್ಯದ ಗದ್ದೆಯೋ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಮಾರುವಾಗ ಭಾರತದಲ್ಲೇ ನೆಲೆಸಿರುವ ಭಾರತೀಯ ಪೌರರಿಗೇ ಮಾರಬೇಕು. ಅಪ್ಪನ ಕಾಲದಿಂದ ಪೌತಿ ಖಾತೆ ಆಗದೆ ಬಿದ್ದಿರುವ ಜಮೀನಿದ್ದರೆ ಆ ಕೆಲಸವನ್ನು ಪ್ರಮಾಣವಚನಕ್ಕೆ ಮುಂಚೆಯೇ ಮುಗಿಸಿಕೊಳ್ಳುವುದು ಲೇಸು. ಹಳೆಯ ಪಾಸ್‌ಪೋರ್ಟ್, ಆಧಾರ್, ಪಹಣಿ ಮೂರರಲ್ಲೂ ಹೆಸರು ಹೊಂದುವಾಗ ನಾಡಕಚೇರಿಯಲ್ಲಿ ಆಗುವ ಕೆಲಸಕ್ಕೆ, ಪೌರತ್ವ ಬದಲಾದ ಮೇಲೆ ಪವರ್ ಆಫ್ ಅಟಾರ್ನಿ, ಅಫಿಡವಿಟ್, ಕಾನ್ಸುಲೇಟಿನ ದೃಢೀಕರಣ ಎಂದು ಸುತ್ತಬೇಕಾಗುತ್ತದೆ. ಬ್ಯಾಂಕಿನ ಎನ್‌ಆರ್‌ಒ ಖಾತೆಗೆ ಹೊಸ ಪಾಸ್‌ಪೋರ್ಟ್ ಮತ್ತು ಒಸಿಐ ಪ್ರತಿಗಳನ್ನು ಕೊಟ್ಟು ಕೆವೈಸಿ ತಿದ್ದಿಸಿ. ಮಕ್ಕಳ ಒಸಿಐ ಮಾಡಿಸಿದ್ದರೆ, 20 ತುಂಬುವವರೆಗೆ ಪ್ರತಿ ಸಲ ಪಾಸ್‌ಪೋರ್ಟ್ ಬದಲಾದಾಗಲೂ ಹೊಸ ಪಾಸ್‌ಪೋರ್ಟ್ ಪ್ರತಿ ಮತ್ತು ಫೋಟೊವನ್ನು ಒಸಿಐ ತಾಣಕ್ಕೆ ಏರಿಸಬೇಕು. 20 ಆದ ಮೇಲೆ ಪಡೆಯುವ ಮೊದಲ ಪಾಸ್‌ಪೋರ್ಟ್‌ನೊಡನೆ ಕಾರ್ಡನ್ನೇ ಹೊಸದಾಗಿ ಮಾಡಿಸಬೇಕು.